ಮೆಗ್ನೀಷಿಯಮ್ ಇಲ್ಲದೆ ಡಿಎನ್‌ಎ ಯಾಕೆ ತುಂಡಾಗಲ್ಲ?

ಎರಡು ಟ್ಯೂಬ್ ತಗೊಳ್ಳಿ. ಎರಡಕ್ಕೂ ಅಷ್ಟಷ್ಟೇ ಲ್ಯಾಂಬ್ಡಾ ಡಿಎನ್‌ಎ ಹಾಕಿ. ಇದು ಬ್ಯಾಕ್ಟೀರಿಯಾಗೆ ತಗಲುವ ಒಂದು ವೈರಸ್ಸಿನ ಡಿಎನ್‌ಎ, ಉದ್ದ 48,502 ಅಕ್ಷರ ಜೋಡಿ (ಡಿಎನ್‌ಎಯ ಅಕ್ಷರಗಳು ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕಗಳು), ಮಾಲಿಕ್ಯುಲರ್ ಬಯಾಲಜಿ ಲ್ಯಾಬ್‌ಗಳಲ್ಲಿ ಇದಿಲ್ಲದ ಫ್ರೀಜರ್ ಕಡಿಮೆ. ಮೇಲೆ ಡಿಎನ್‌ಎ ಕತ್ತರಿಸುವ ಇಕೋ-ಆರ್-ಒನ್ ಎಂಬ ಕಿಣ್ವ ಸೇರಿಸಿ. ಉಪ್ಪು, ಪಿಎಚ್, 37 ಡಿಗ್ರಿ ಶಾಖ ಎಲ್ಲ ಎರಡಕ್ಕೂ ಸಮ. ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ ಸ್ವಲ್ಪ ಮೆಗ್ನೀಷಿಯಮ್ ಕ್ಲೋರೈಡ್ ಇದೆ, ಎರಡನೆಯದರಲ್ಲಿ ಇಲ್ಲ. ಒಂದು ಗಂಟೆ ಬಿಟ್ಟು, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ ಮೊದಲನೆಯದು ಆರು ತುಂಡಾಗಿರುತ್ತದೆ. (5,804 ಮತ್ತು 5,643 ಉದ್ದದ ಎರಡು ತುಂಡುಗಳು ಅಕ್ಕಪಕ್ಕದಲ್ಲೇ ಓಡುತ್ತವೆ, ಹಾಗಾಗಿ ಎಷ್ಟೋ ಸಲ ಐದೇ ಪಟ್ಟೆ ಕಾಣುತ್ತವೆ. ಗಾಬರಿ ಬೇಡ.) ಎರಡನೆಯದು ಹಾಕಿದ ಹಾಗೇ ಇರುತ್ತದೆ.

ಹಾಗಂತ ಎರಡನೇ ಟ್ಯೂಬಿನಲ್ಲಿ ಕಿಣ್ವ ಸುಮ್ನೆ ಕೂತಿಲ್ಲ. ಅದು ಡಿಎನ್‌ಎ ಮೇಲೆ ಜಿ-ಎ-ಎ-ಟಿ-ಟಿ-ಸಿ ಅನ್ನೋ ತನ್ನ ಜಾಗವನ್ನು ಹುಡುಕಿ, ಗಟ್ಟಿಯಾಗಿ ಹಿಡಿದುಕೊಂಡಿದೆ. ಎಲ್ಲಿ ಕತ್ತರಿಸಬೇಕೋ ಅಲ್ಲೇ ಇದೆ. ಆದರೂ ಕತ್ತರಿಸುತ್ತಿಲ್ಲ. ಆಗ ಒಂದಿಷ್ಟು ಮೆಗ್ನೀಷಿಯಮ್ ಬಿಟ್ಟರೆ ಸಾಕು, ಕೆಲಸ ಶುರು.

ಇಕೋ-ಆರ್-ಒನ್ ಸಾವಿರಾರು ಪರಮಾಣುಗಳಿರುವ ದೊಡ್ಡ ಪ್ರೊಟೀನು. ಮೆಗ್ನೀಷಿಯಮ್ ಅಯಾನು ಅಂದರೆ ಎರಡು ಎಲೆಕ್ಟ್ರಾನ್ ಕಳಕೊಂಡ ಒಂದೇ ಒಂದು ಪರಮಾಣು. ಇಷ್ಟು ದೊಡ್ಡದರ ಕೈಲಿ ಆಗದ್ದು ಇಷ್ಟು ಚಿಕ್ಕದರಿಂದ ಹೇಗೆ ಆಗುತ್ತದೆ? ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇದನ್ನು ‘ಸಹಕಾರಕ’ ಅಂತ ಒಂದು ಪದದಲ್ಲಿ ಮುಗಿಸಿಬಿಡುತ್ತವೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಎಷ್ಟೋ ಕಿಣ್ವಗಳಲ್ಲಿ ಕತ್ತರಿಸಬೇಕಾ ಬೇಡವಾ, ಎಲ್ಲಿ ಕತ್ತರಿಸಬೇಕು, ಒಂದು ಎಳೆಯನ್ನೋ ಎರಡನ್ನೋ ಅನ್ನುವುದೆಲ್ಲ ಅಲ್ಲಿ ಯಾವ ಲೋಹ ಕೂತಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಡಿಎನ್‌ಎ ಎಷ್ಟು ಗಟ್ಟಿ ಅಂತ ನೋಡೋಣ.

ಡಿಎನ್‌ಎಯ ಬೆನ್ನೆಲುಬು ಅಂದರೆ ಸಕ್ಕರೆ, ಫಾಸ್ಫೇಟ್, ಸಕ್ಕರೆ, ಫಾಸ್ಫೇಟ್ ಅಂತ ಸಾಲಾಗಿ ಹೋಗುವ ಸರಪಳಿ. ಪ್ರತಿ ಫಾಸ್ಫೇಟ್ ಅತ್ತಿತ್ತಲಿನ ಎರಡು ಸಕ್ಕರೆಗಳನ್ನು ಹಿಡಿದಿರುತ್ತದೆ. ಮಧ್ಯದಲ್ಲಿ ಒಂದು ರಂಜಕದ ಪರಮಾಣು, ಸುತ್ತ ನಾಲ್ಕು ಆಕ್ಸಿಜನ್. ಅದರಲ್ಲಿ ಎರಡು ಸಕ್ಕರೆಗಳ ಕಡೆಗೆ ಹೋಗುತ್ತವೆ, ಇನ್ನೆರಡು ಹೊರಗೆ ಚಾಚಿಕೊಂಡು ತಮ್ಮ ನಡುವೆ ಒಂದು ನೆಗೆಟಿವ್ ಚಾರ್ಜ್ ಹಂಚಿಕೊಂಡಿರುತ್ತವೆ. ಕತ್ತರಿಸುವುದು ಅಂದರೆ ರಂಜಕ ಮತ್ತು ಸಕ್ಕರೆಯ ಕಡೆಯ ಆಕ್ಸಿಜನ್ ನಡುವಿನ ಬಂಧ ಬಿಡಿಸುವುದು. ಇಲ್ಲಿ ಅಲಗು ಅಂತ ಯಾವುದೂ ಇಲ್ಲ. ಬಂಧ ಬಿಡಿಸುವುದು ನೀರು. ಒಂದು ನೀರಿನ ಅಣು ಬಂದು ರಂಜಕಕ್ಕೆ ಅಂಟಿಕೊಂಡು, ಎದುರು ಬದಿಯ ಸಕ್ಕರೆಯನ್ನು ಹೊರಗೆ ತಳ್ಳುತ್ತದೆ. ಅಷ್ಟೇ.

ನೀರು ಜೀವಕೋಶದ ತುಂಬ ಇದೆ. ಹಾಗಿದ್ದರೆ ಡಿಎನ್‌ಎ ತಾನಾಗಿ ಯಾಕೆ ಕರಗಿ ಹೋಗುವುದಿಲ್ಲ? ಆ ನೆಗೆಟಿವ್ ಚಾರ್ಜ್ ಕಾರಣ. ರಂಜಕದ ಮೇಲೆ ಬೀಳಬೇಕಾದದ್ದು ಎಲೆಕ್ಟ್ರಾನ್ ಹೊತ್ತ ಆಕ್ಸಿಜನ್, ಅದಕ್ಕೂ ನೆಗೆಟಿವ್ ಗುಣವೇ. ಎರಡೂ ಒಂದನ್ನೊಂದು ದೂಡುತ್ತವೆ. ಜೀವ ಜಗತ್ತು ತನ್ನ ಆನುವಂಶಿಕ ಕಡತವನ್ನು ಕಟ್ಟಲು ಫಾಸ್ಫೇಟ್‌ನ್ನೇ ಯಾಕೆ ಆರಿಸಿಕೊಂಡಿತು ಅಂತ ರಸಾಯನ ವಿಜ್ಞಾನಿ ಫ್ರಾಂಕ್ ವೆಸ್ಟ್‌ಹೈಮರ್ 1987ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಚಾರ್ಜಿಗೆ ದೊಡ್ಡ ಪಾತ್ರ ಕೊಟ್ಟಿದ್ದಾರೆ. ಎಷ್ಟು ಗಟ್ಟಿ ಅಂತ ಅಳೆದವರು ರಿಚರ್ಡ್ ವೂಲ್ಫೆಂಡೆನ್ ತಂಡದವರು. ಅವರ 2006ರ ಲೆಕ್ಕದ ಪ್ರಕಾರ ಕಿಣ್ವದ ಸಹಾಯವಿಲ್ಲದೆ 25 ಡಿಗ್ರಿಯಲ್ಲಿ, ಬರೀ ನೀರಿನಿಂದ ಡಿಎನ್‌ಎಯ ಇಂಥ ಬಂಧಗಳಲ್ಲಿ ಅರ್ಧದಷ್ಟು ಬಿಡಬೇಕಾದರೆ ಸುಮಾರು 3 ಕೋಟಿ ವರ್ಷ ಬೇಕು.

ಅಂದಮೇಲೆ ಹಳೇ ಮೂಳೆಗಳಲ್ಲಿ ಡಿಎನ್‌ಎ ಕೋಟಿ ವರ್ಷ ಉಳಿಯಬೇಕಿತ್ತಲ್ವಾ ಅಂತ ಕೇಳಬಹುದು. ಉಳಿಯುವುದಿಲ್ಲ. ಅಲ್ಲಿ ಮೊದಲು ಕೈಕೊಡುವುದು ಫಾಸ್ಫೇಟ್ ಅಲ್ಲ. ಸಕ್ಕರೆಗೆ ಅಂಟಿರುವ ಎ ಮತ್ತು ಜಿ ಅಕ್ಷರಗಳು ಮೊದಲು ಉದುರುತ್ತವೆ, ಆಮೇಲೆ ಆ ಖಾಲಿ ಜಾಗದಲ್ಲಿ ಎಳೆ ಸುಲಭವಾಗಿ ಮುರಿಯುತ್ತದೆ. ಫಾಸ್ಫೇಟ್ ಬಂಧ ಮಾತ್ರ ನೀರಿಗೆ ಬಗ್ಗುವುದಿಲ್ಲ.

ಈ 3 ಕೋಟಿ ವರ್ಷದ ಕೆಲಸವನ್ನು ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಒಂದು ಕಿಣ್ವ ಸೆಕೆಂಡಿಗೆ ನೂರರ ಹತ್ತಿರ ಸಲ ಮಾಡಿ ಮುಗಿಸುತ್ತದೆ. ಅದಕ್ಕೆ ಬೇಕಾದ ಲೋಹ ಕ್ಯಾಲ್ಸಿಯಮ್. ಆ ಕಥೆ ಆಮೇಲೆ.

ಈಗ ಬಂಧ ಬಿಡುವ ಆ ಕ್ಷಣಕ್ಕೆ ಹತ್ತಿರ ಹೋಗೋಣ. ಅಲ್ಲಿ ತೊಂದರೆ ಒಂದಲ್ಲ, ಹಲವು.

ಮೊದಲನೆಯದಾಗಿ, ನೀರು ಹಾಗೇ ಇದ್ದರೆ ತೀರಾ ಸಾಧು. ಅದು ತನ್ನ ಎರಡು ಹೈಡ್ರೋಜನ್‌ಗಳಲ್ಲಿ ಒಂದನ್ನು ಪ್ರೋಟಾನಾಗಿ ಬಿಟ್ಟುಕೊಟ್ಟು ಹೈಡ್ರಾಕ್ಸೈಡ್ ಆದರೆ ಮಾತ್ರ ಚುರುಕಾಗುತ್ತದೆ. ನೀರು ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಹೇಳುವ ಅಂಕಿ ಪಿಕೆಎ. ಬಿಡಿ ನೀರಿಗೆ ಅದು 15.7. ಅದೇ ನೀರು ಮೆಗ್ನೀಷಿಯಮ್‌ಗೆ ಅಂಟಿಕೊಂಡರೆ 11.4ಕ್ಕೆ ಇಳಿಯುತ್ತದೆ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹತ್ತು ಪಟ್ಟು ಅಂತ ಲೆಕ್ಕ, ಹಾಗಾಗಿ ನಾಲ್ಕು ಚಿಲ್ಲರೆ ಅಂಕಿ ಅಂದರೆ ಹತ್ತು ಸಾವಿರ ಪಟ್ಟಿಗೂ ಮೇಲೆ. ಇದರಲ್ಲಿ ಮಾಯಾಮಂತ್ರ ಏನಿಲ್ಲ. ಮೆಗ್ನೀಷಿಯಮ್‌ಗೆ ಎರಡು ಪಾಸಿಟಿವ್ ಚಾರ್ಜ್ ಇದೆ, ಗಾತ್ರವೂ ತೀರಾ ಚಿಕ್ಕದು, ಹಾಗಾಗಿ ನೀರಿನ ಆಕ್ಸಿಜನ್ನಿನ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆಯುತ್ತದೆ. ಆಕ್ಸಿಜನ್‌ಗೆ ಹೈಡ್ರೋಜನ್ ಮೇಲಿನ ಹಿಡಿತ ಸಡಿಲವಾಗುತ್ತದೆ.

ಎರಡನೆಯದು ದಿಕ್ಕು. ನೀರು ಯಾವ ಕಡೆಯಿಂದ ಬೇಕಾದರೂ ಬಂದು ಬಡಿದರೆ ಆಗುವುದಿಲ್ಲ. ಹೊರಗೆ ಹೋಗಬೇಕಾದ ಆಕ್ಸಿಜನ್ ಯಾವ ಬದಿಗಿದೆಯೋ ಅದರ ನೇರ ಎದುರಿನಿಂದಲೇ ಬರಬೇಕು. ಲೋಹದ ಅಯಾನು ಒಂದು ಕಡೆ ನೀರನ್ನೂ ಇನ್ನೊಂದು ಕಡೆ ಫಾಸ್ಫೇಟ್‌ನ ಆಕ್ಸಿಜನ್ನನ್ನೂ ಹಿಡಿದುಕೊಂಡು ಎರಡನ್ನೂ ಸರಿಯಾದ ಗೆರೆಗೆ ತರುತ್ತದೆ.

ಮೂರನೆಯದೇ ದೊಡ್ಡದು. ನೀರು ಬಂದು ಅಂಟುವಾಗ, ಹಳೆಯದು ಇನ್ನೂ ಪೂರ್ತಿ ಬಿಟ್ಟಿರದ ಒಂದು ಅರೆಗಳಿಗೆ ಬರುತ್ತದೆ. ಆಗ ರಂಜಕದ ಸುತ್ತ ನಾಲ್ಕಲ್ಲ, ಐದು ಆಕ್ಸಿಜನ್. ಮೊದಲೇ ನೆಗೆಟಿವ್ ಆಗಿದ್ದ ಜಾಗದಲ್ಲಿ ಈಗ ಇನ್ನೂ ಜಾಸ್ತಿ ನೆಗೆಟಿವ್ ಚಾರ್ಜ್ ಗುಂಪುಗೂಡುತ್ತದೆ. ಈ ಸ್ಥಿತಿಯನ್ನು ದಾಟಬೇಕಾದರೆ ಪಕ್ಕದಲ್ಲೇ ಪಾಸಿಟಿವ್ ಆದದ್ದೇನೋ ಇದ್ದು ಆ ಭಾರ ಹಗುರ ಮಾಡಬೇಕು. ಕೊನೆಗೆ ಹೊರಬೀಳುವ ಸಕ್ಕರೆಯ ಆಕ್ಸಿಜನ್ ಕೂಡ ನೆಗೆಟಿವ್ ಆಗಿಯೇ ಹೊರಗೆ ಬರುತ್ತದೆ, ಅದನ್ನೂ ಯಾರಾದರೂ ಸಮಾಧಾನ ಮಾಡಬೇಕು.

ಇಷ್ಟೆಲ್ಲ ಒಂದೇ ಅಯಾನು ಮಾಡಬೇಕಾ? ಇಲ್ಲೇ ಥಾಮಸ್ ಸ್ಟೈಟ್ಸ್ ಬರುತ್ತಾರೆ. ಜೀವಕೋಶದಲ್ಲಿ ಪ್ರೊಟೀನು ಕಟ್ಟುವ ರೈಬೋಸೋಮ್‌ನ ರಚನೆಗಾಗಿ 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಅದಾ ಯೊನಾತ್ ಜೊತೆ ನೊಬೆಲ್ ಹಂಚಿಕೊಂಡವರು. ಅದಕ್ಕೂ ಎಷ್ಟೋ ಮುಂಚೆ, 1991ರಲ್ಲಿ, ಲೊರೆನಾ ಬೀಸ್ ಜೊತೆ ಅವರು ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವದ ಒಂದು ಭಾಗದ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ ನೋಡಿದರು. ಈ ಭಾಗದ ಕೆಲಸ ನಕಲು ಮಾಡುವಾಗ ತಪ್ಪಾಗಿ ಸೇರಿದ ಅಕ್ಷರವನ್ನು ಕತ್ತರಿಸಿ ತೆಗೆಯುವುದು. ಅಲ್ಲಿ ಎರಡು ಲೋಹದ ಅಯಾನುಗಳು ಕಂಡವು. ಎರಡರ ನಡುವೆ ಅಂತರ ಸುಮಾರು 4 ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ 25 ಲಕ್ಷದಲ್ಲಿ ಒಂದು ಪಾಲು. ಕತ್ತರಿಸಬೇಕಾದ ಫಾಸ್ಫೇಟ್ ಸರಿಯಾಗಿ ಆ ಎರಡರ ಮಧ್ಯೆ ಕೂತಿತ್ತು.

ಅವರು ಹೇಳಿದ ಕೆಲಸದ ಹಂಚಿಕೆ ಹೀಗೆ: ಒಂದು ಅಯಾನು ನೀರನ್ನು ಹಿಡಿದು ಪ್ರೋಟಾನ್ ಬಿಡಿಸಿ ದಾಳಿಗೆ ಅಣಿ ಮಾಡುತ್ತದೆ, ಇನ್ನೊಂದು ಹೊರಬೀಳುವ ಆಕ್ಸಿಜನ್ನಿನ ನೆಗೆಟಿವ್ ಚಾರ್ಜನ್ನು ತಾಳಿಕೊಳ್ಳುತ್ತದೆ, ನಡುವಿನ ಐದು ಆಕ್ಸಿಜನ್ನಿನ ಇಕ್ಕಟ್ಟನ್ನು ಎರಡೂ ಸೇರಿ ಸಂಭಾಳಿಸುತ್ತವೆ. ಹಾಗಾದರೆ ಪ್ರೊಟೀನಿಗೇನು ಕೆಲಸ? ಲೋಹಗಳನ್ನು ಜಾಗದಲ್ಲಿ ಕೂರಿಸುವುದು. ಆಸ್ಪಾರ್ಟೇಟ್, ಗ್ಲುಟಮೇಟ್ ಎಂಬ ನೆಗೆಟಿವ್ ಅಮೈನೋ ಆಮ್ಲಗಳು ಅಯಾನುಗಳನ್ನು ಸುತ್ತಲಿಂದ ಹಿಡಿದಿರುತ್ತವೆ. ಇಕೋ-ಆರ್-ಒನ್‌ನಲ್ಲಿ 91ನೇ ಜಾಗದ ಆಸ್ಪಾರ್ಟೇಟ್, 111ನೇ ಜಾಗದ ಗ್ಲುಟಮೇಟ್, ಪಕ್ಕದಲ್ಲಿ 113ನೇ ಲೈಸೀನ್. ಇಂಥ ಒಂದು ಆಸ್ಪಾರ್ಟೇಟ್ ಬದಲಿಸಿದರೂ ಲೋಹ ನೆಲೆ ತಪ್ಪುತ್ತದೆ, ಕತ್ತರಿಸುವ ಶಕ್ತಿ ಹೋಗುತ್ತದೆ.

ಎಲ್ಲ ಕಿಣ್ವಗಳಲ್ಲೂ ಎರಡೇ ಲೋಹ ಅಂತ ತಿಳಿಯಬೇಡಿ. ಕೆಲವಕ್ಕೆ ಒಂದೇ ಸಾಕು. ಕೆಲವಲ್ಲಿ ಕ್ರಿಯೆ ನಡೆಯುವ ಕ್ಷಣಕ್ಕಷ್ಟೇ ಮೂರನೆಯದೊಂದು ಬಂದು ಹೋಗುತ್ತದೆ ಅನ್ನುವ ವಾದವೂ ಇದೆ. ಇಕೋ-ಆರ್-ಫೈವ್ ಎಂಬ ಒಂದೇ ಕಿಣ್ವದ ಲೋಹಗಳನ್ನು ಎಣಿಸುವುದರಲ್ಲೇ ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ್ದಾರೆ. ಹರಳಿನಲ್ಲಿ ಕಾಣುವುದು ನಿಂತ ಚಿತ್ರ, ಅಯಾನುಗಳೋ ಓಡಾಡುವ ಗಿರಾಕಿಗಳು. ಜಗಳ ಆಗದೆ ಇನ್ನೇನಾದೀತು.

ಸರಿ, ಲೋಹ ಬೇಕು. ಆದರೆ ಮೆಗ್ನೀಷಿಯಮ್ಮೇ ಯಾಕೆ?

ಒಂದು ಕಾರಣ ಸಿಗುವಿಕೆ. ಜೀವಕೋಶದೊಳಗಿನ ಮೆಗ್ನೀಷಿಯಮ್‌ನಲ್ಲಿ ಬಹುಪಾಲು ಎಟಿಪಿ ಎಂಬ ಶಕ್ತಿಯ ಅಣುವಿಗೆ, ರೈಬೋಸೋಮ್‌ಗಳಿಗೆ ಅಂಟಿಕೊಂಡಿರುತ್ತದೆ. ಆದರೂ ಬಿಡಿಯಾಗಿ ಓಡಾಡುವುದೇ ಅರ್ಧದಿಂದ ಒಂದು ಮಿಲಿಮೋಲಾರ್‌ನಷ್ಟಿರುತ್ತದೆ (ದ್ರವದಲ್ಲಿ ಎಷ್ಟು ಕರಗಿದೆ ಅನ್ನುವುದರ ಅಳತೆ ಇದು). ಅದೇ ಬಿಡಿ ಕ್ಯಾಲ್ಸಿಯಮ್ ಅದರ ಸಾವಿರಾರು ಪಾಲಿನಲ್ಲಿ ಒಂದು ಪಾಲಷ್ಟೇ. ಇನ್ನೊಂದು ಕಾರಣ ಮೆಗ್ನೀಷಿಯಮ್‌ನ ಸ್ವಭಾವ. ಅದು ಎಲೆಕ್ಟ್ರಾನ್ ಕೊಡು-ತಗೋ ವ್ಯವಹಾರಕ್ಕೆ ಹೋಗುವುದಿಲ್ಲ. ಕಬ್ಬಿಣ, ತಾಮ್ರ ಹಾಗಲ್ಲ. ಅವು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಅದು ಸಕ್ಕರೆಯನ್ನೇ ಒಡೆದು ಡಿಎನ್‌ಎಯನ್ನು ಸಿಕ್ಕಸಿಕ್ಕಲ್ಲಿ ತುಂಡು ಮಾಡುತ್ತದೆ. ಅದೂ ಲೋಹದಿಂದಲೇ ಆಗುವ ಕತ್ತರಿಕೆ, ಆದರೆ ಅಕ್ಷರ ನೋಡಿ ಮಾಡುವುದಲ್ಲ. ಹಾಗೆ ಮುರಿದ ತುದಿಗಳನ್ನು ಸುಮ್ನೆ ಮತ್ತೆ ಅಂಟಿಸಲೂ ಬರುವುದಿಲ್ಲ. ಇಕೋ-ಆರ್-ಒನ್ ಕತ್ತರಿಸಿದ ಮೇಲೆ ಒಂದು ತುದಿಯಲ್ಲಿ ಫಾಸ್ಫೇಟ್, ಇನ್ನೊಂದರಲ್ಲಿ ಹೈಡ್ರಾಕ್ಸಿಲ್ ನೀಟಾಗಿ ಉಳಿಯುತ್ತವೆ. ಲೈಗೇಸ್ ಕಿಣ್ವ ಹಾಕಿದರೆ ಮತ್ತೆ ಕೂಡಿಕೊಳ್ಳುತ್ತವೆ. ಜೀನ್ ಕತ್ತರಿಸಿ ಇನ್ನೊಂದು ಕಡೆ ಜೋಡಿಸುವ ತಂತ್ರವೆಲ್ಲ ಇದರ ಮೇಲೇ ನಿಂತಿದೆ.

ಮೂರನೇ ಕಾರಣ ಅಳತೆ ಮತ್ತು ಶಿಸ್ತು. ಮೆಗ್ನೀಷಿಯಮ್ ಅಯಾನಿನ ತ್ರಿಜ್ಯ 0.72 ಆಂಗ್‌ಸ್ಟ್ರಾಮ್. ಸುತ್ತ ಆರು ಆಕ್ಸಿಜನ್ ಬೇಕು, ಅವೂ ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಅಂತ ಲಂಬ ಕೋನದಲ್ಲೇ ಇರಬೇಕು. ಈ ವಿಷಯದಲ್ಲಿ ಅದಕ್ಕೆ ರಾಜಿಯೇ ಇಲ್ಲ. ಕ್ಯಾಲ್ಸಿಯಮ್‌ಗೆ ಚಾರ್ಜ್ ಅಷ್ಟೇ ಇದ್ದರೂ ತ್ರಿಜ್ಯ 1 ಆಂಗ್‌ಸ್ಟ್ರಾಮ್. ಆರರಿಂದ ಎಂಟು ಆಕ್ಸಿಜನ್‌ಗಳನ್ನು ಹೇಗೆ ಬೇಕೋ ಹಾಗೆ ಹಿಡಿದುಕೊಳ್ಳುತ್ತದೆ, ನೀರಿನ ಮೇಲಿನ ಎಳೆತವೂ ಕಡಿಮೆ. ಅದಕ್ಕೇ ಹೆಚ್ಚಿನ ರೆಸ್ಟ್ರಿಕ್ಷನ್ ಕಿಣ್ವಗಳಿಗೆ (ಇಕೋ-ಆರ್-ಒನ್ ಥರ ನಿಗದಿತ ಅಕ್ಷರ ನೋಡಿ ಕತ್ತರಿಸುವವು) ಮೆಗ್ನೀಷಿಯಮ್ ಬದಲು ಕ್ಯಾಲ್ಸಿಯಮ್ ಕೊಟ್ಟರೆ ಅವು ಡಿಎನ್‌ಎ ಹಿಡಿಯುತ್ತವೆ, ಕತ್ತರಿಸುವುದಿಲ್ಲ. ಹರಳು ಬೆಳೆಸುವವರಿಗೆ ಇದು ವರ. ಕಿಣ್ವವೂ ಇಡೀ ಡಿಎನ್‌ಎಯೂ ಒಟ್ಟಿಗೆ ಇರುವ ಚಿತ್ರ ಬೇಕಾದರೆ ಕ್ಯಾಲ್ಸಿಯಮ್ ಹಾಕಿ ನಿಲ್ಲಿಸಿಬಿಡಬಹುದು.

ಇನ್ನು ಮ್ಯಾಂಗನೀಸ್. ಗಾತ್ರದಲ್ಲಿ ಮೆಗ್ನೀಷಿಯಮ್‌ಗಿಂತ ಸ್ವಲ್ಪವೇ ದೊಡ್ಡದು, ಜಾಗಕ್ಕೆ ಹೊಂದಿಕೊಳ್ಳುತ್ತದೆ, ಕತ್ತರಿಸುವ ಕೆಲಸವನ್ನೂ ಮಾಡಿಸುತ್ತದೆ. ಆದರೆ ಶಿಸ್ತು ಕಡಿಮೆ. ಇಕೋ-ಆರ್-ಒನ್‌ಗೆ ಮ್ಯಾಂಗನೀಸ್ ಕೊಟ್ಟರೆ ಆರಕ್ಷರದ ಜಿ-ಎ-ಎ-ಟಿ-ಟಿ-ಸಿ ಬದಲು ನಡುವಿನ ಎ-ಎ-ಟಿ-ಟಿ ಸರಿ ಇದ್ದರೂ ಸಾಕು ಅಂತ ಕತ್ತರಿಸಲು ಶುರು ಮಾಡುತ್ತದೆ. ಲ್ಯಾಬಿನವರು ಇದನ್ನು ಸ್ಟಾರ್ ಆಕ್ಟಿವಿಟಿ ಅನ್ನುತ್ತಾರೆ. ಗ್ಲಿಸರಾಲ್ ಜಾಸ್ತಿಯಾದರೆ, ಪಿಎಚ್ ಏರಿದರೆ, ಉಪ್ಪು ಕಮ್ಮಿಯಾದರೆ, ಕಿಣ್ವ ಸುರಿದುಬಿಟ್ಟರೂ ಇದೇ ಪಾಡು. ಜೆಲ್ ಮೇಲೆ ಲೆಕ್ಕಕ್ಕೆ ಸಿಗದ ಪಟ್ಟೆಗಳು ಕಾಣುತ್ತವೆ.

ಲೋಹ ಬದಲಾದರೆ ಗುರುತು ಹಿಡಿಯುವುದು ಯಾಕೆ ಕೆಡಬೇಕು? ಅಕ್ಷರ ಓದುವುದು ಪ್ರೊಟೀನಲ್ವಾ? ಬ್ರಿಸ್ಟಲ್ ವಿಶ್ವವಿದ್ಯಾಲಯದ ಸ್ಟೀಫನ್ ಹಾಲ್ಫೋರ್ಡ್ ತಂಡ ಇಕೋ-ಆರ್-ಫೈವ್ ಮೇಲೆ ಮಾಡಿದ ಕೆಲಸ ಇಲ್ಲಿ ಕಣ್ಣು ತೆರೆಸುತ್ತದೆ. ಈ ಕಿಣ್ವದ ಜಾಗ ಜಿ-ಎ-ಟಿ-ಎ-ಟಿ-ಸಿ, ಕತ್ತರಿಸುವುದು ಸರಿಯಾಗಿ ಮಧ್ಯಕ್ಕೆ. ಅವರ ಪ್ರಯೋಗದಲ್ಲಿ ಲೋಹ ಇಲ್ಲದಿದ್ದಾಗ ಅದು ತನ್ನ ಜಾಗ, ಬೇರೆ ಜಾಗ ಅಂತ ಭೇದ ಮಾಡದೆ ಎಲ್ಲ ಡಿಎನ್‌ಎಯನ್ನೂ ಒಂದೇ ಥರ ಹಿಡಿಯಿತು. ಮೆಗ್ನೀಷಿಯಮ್ ಸೇರಿದಾಗ ಸರಿಯಾದ ಜಾಗವನ್ನು ಬೇರೆ ಯಾವುದಕ್ಕಿಂತಲೂ ಸುಮಾರು ಹತ್ತು ಲಕ್ಷ ಪಟ್ಟು ಸಲೀಸಾಗಿ ಕತ್ತರಿಸಿತು. ಮ್ಯಾಂಗನೀಸ್ ಹಾಕಿದರೆ ಆ ಹತ್ತು ಲಕ್ಷ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು.

ಇದರ ಅರ್ಥ ಹೀಗೆ. ಇಕೋ-ಆರ್-ಫೈವ್ ಸರಿಯಾದ ಅಕ್ಷರಗಳ ಮೇಲೆ ಕೂತಾಗ ಡಿಎನ್‌ಎಯನ್ನು ಸುಮಾರು 50 ಡಿಗ್ರಿ ಬಗ್ಗಿಸುತ್ತದೆ. ಹಾಗೆ ಬಾಗಿದಾಗ ಫಾಸ್ಫೇಟ್‌ನ ಆಕ್ಸಿಜನ್ ಸರಿದು ಬಂದು ಆಸ್ಪಾರ್ಟೇಟ್‌ಗಳ ಪಕ್ಕಕ್ಕೆ ನಿಲ್ಲುತ್ತದೆ. ಆಗಲೇ ಮೆಗ್ನೀಷಿಯಮ್‌ಗೆ ಬೇಕಾದ ಕೋನಗಳೆಲ್ಲ ಒದಗಿ ಅದು ಬಂದು ಕೂರುವುದು. ಒಂದು ಅಕ್ಷರ ತಪ್ಪಿದರೂ ಡಿಎನ್‌ಎ ಅಷ್ಟು ಬಾಗುವುದಿಲ್ಲ, ಆಕ್ಸಿಜನ್ ಕೈಗೆ ಸಿಗುವುದಿಲ್ಲ, ಮೆಗ್ನೀಷಿಯಮ್ ಹತ್ತಿರ ಸುಳಿಯುವುದಿಲ್ಲ. ಅದರ ಮೊಂಡುತನವೇ ಇಲ್ಲಿ ಕಾವಲು. ಮ್ಯಾಂಗನೀಸ್ ‘ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ’ ಅನ್ನುವ ಜಾತಿ.

ಬ್ಯಾಕ್ಟೀರಿಯಾಗೆ ಈ ಮೊಂಡುತನ ಯಾಕೆ ಬೇಕು ಅಂದರೆ, ಈ ಕಿಣ್ವಗಳು ಇರುವುದೇ ಒಳನುಗ್ಗಿದ ವೈರಸ್ಸಿನ ಡಿಎನ್‌ಎ ಕತ್ತರಿಸಲು. ಅದೇ ಅಕ್ಷರಗಳು ತನ್ನ ಡಿಎನ್‌ಎಯಲ್ಲೂ ಇರುತ್ತವೆ, ಅವಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಹಾಕಿಟ್ಟುಕೊಂಡು ಬ್ಯಾಕ್ಟೀರಿಯಾ ಬಚಾವಾಗುತ್ತದೆ. ಬೇರೆ ಅಕ್ಷರಗಳಿರುವ, ಗುರುತಿಲ್ಲದ ಜಾಗಗಳನ್ನೂ ಕಿಣ್ವ ಕತ್ತರಿಸಲು ಹೊರಟರೆ ಮನೆಯವರೇ ಸಾಯಬೇಕಾಗುತ್ತದೆ. ಇಲ್ಲೊಂದು ಮಜಾ ಸಂಗತಿ: ಇಕೋ-ಆರ್-ಒನ್‌ನ ಜೊತೆಗಾರ, ಮಿಥೈಲ್ ಗುರುತು ಹಾಕುವ ಕಿಣ್ವ, ಅದೇ ಆರು ಅಕ್ಷರಗಳನ್ನೇ ಓದುತ್ತದೆ. ಆದರೆ ಅದಕ್ಕೆ ಮೆಗ್ನೀಷಿಯಮ್ ಬೇಕೇ ಇಲ್ಲ. ಮೆಗ್ನೀಷಿಯಮ್ ಕಸಿದುಕೊಳ್ಳುವ ಇಡಿಟಿಎ ಬೆರೆತ ಬಫರಿನಲ್ಲೂ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಆರಾಮಾಗಿ ಕೆಲಸ ಮಾಡುತ್ತದೆ. ಓದುವುದಕ್ಕೆ ಲೋಹ ಬೇಕೇ ಬೇಕು ಅಂತಿಲ್ಲ, ಫಾಸ್ಫೇಟ್ ಒಡೆಯುವುದಕ್ಕೆ ಬೇಕು.

ರೆಸ್ಟ್ರಿಕ್ಷನ್ ಕಿಣ್ವಗಳ ಇತಿಹಾಸ ಗೊತ್ತಿರುವುದೇ. 1970ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ನಿಗದಿತ ಜಾಗದಲ್ಲಿ ಕತ್ತರಿಸುವ ಮೊದಲ ಕಿಣ್ವ ಬೇರ್ಪಡಿಸಿದ್ದು, 1978ರಲ್ಲಿ ಅವರಿಗೂ ವರ್ನರ್ ಆರ್ಬರ್, ಡೇನಿಯಲ್ ನೇಥನ್ಸ್ ಅವರಿಗೂ ನೊಬೆಲ್ ಬಂದದ್ದು. ಅದನ್ನು ಬಿಟ್ಟು ನಮ್ಮ ಬೆಂಗಳೂರಿನ ಕಥೆಗೆ ಬರುತ್ತೇನೆ.

ಕೆಪಿಎನ್-ಒನ್ ಅಂತ ಒಂದು ಕಿಣ್ವ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು, ಓದುವುದು ಜಿ-ಜಿ-ಟಿ-ಎ-ಸಿ-ಸಿ. ಕ್ಲೋನಿಂಗ್, ಅಂದರೆ ಜೀನ್ ಕತ್ತರಿಸಿ ಜೋಡಿಸುವ ಕೆಲಸ, ಮಾಡುವವರಿಗೆ ಚಿರಪರಿಚಿತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಇದರ ಬೆನ್ನು ಬಿದ್ದಿತ್ತು. ಇದು ಸ್ಟಾರ್ ಆಕ್ಟಿವಿಟಿಗೆ ಅಡ್ಡದಾರಿಯೇನೂ ಬೇಕಿಲ್ಲದ ಕಿಣ್ವ. ಗ್ಲಿಸರಾಲ್ ಬೇಡ, ಮ್ಯಾಂಗನೀಸ್ ಬೇಡ, ಮಾಮೂಲಿ ಮೆಗ್ನೀಷಿಯಮ್ ಕೊಟ್ಟರೂ ಸಾಕು, ತನ್ನ ಜಾಗದ ಜೊತೆಗೆ ಒಂದಕ್ಷರ ಆಚೀಚೆ ಇರುವ ಜಾಗಗಳನ್ನೂ ಕತ್ತರಿಸುತ್ತದೆ. 2004ರಲ್ಲಿ ಈ ತಂಡ ಪ್ರಕಟಿಸಿದ್ದು ಇದಕ್ಕಿಂತ ವಿಚಿತ್ರ: ಕೆಪಿಎನ್-ಒನ್‌ಗೆ ಕ್ಯಾಲ್ಸಿಯಮ್ ಕೊಟ್ಟರೆ ಅದು ನಿಲ್ಲುವುದಿಲ್ಲ, ಕತ್ತರಿಸುತ್ತದೆ, ಅದೂ ತನ್ನ ಸರಿಯಾದ ಜಾಗವನ್ನು ಮಾತ್ರ. ಮೆಗ್ನೀಷಿಯಮ್ ಪಕ್ಕದಲ್ಲೇ ಇದ್ದರೂ ಕ್ಯಾಲ್ಸಿಯಮ್ ಬಂದರೆ ಅಡ್ಡಾದಿಡ್ಡಿ ಕತ್ತರಿಕೆ ಅಡಗುತ್ತದೆ. ಉಳಿದ ಕಿಣ್ವಗಳಲ್ಲಿ ಬೀಗ ಹಾಕುವ ಲೋಹ ಇಲ್ಲಿ ಶಿಸ್ತು ಕಲಿಸುತ್ತಿದೆ.

ಯಾಕೆ ಹೀಗೆ? ಅದೇ ವರ್ಷ ಬೆಂಗಳೂರಿನವರು ಪೋಲೆಂಡಿನ ಯಾನುಷ್ ಬುಯ್ನಿಟ್ಸ್ಕಿ ಮತ್ತು ಸಂಗಡಿಗರ ಜೊತೆ ಸೇರಿ ಇನ್ನೊಂದು ವಿಷಯ ತೋರಿಸಿದರು. ಕೆಪಿಎನ್-ಒನ್ ಇಕೋ-ಆರ್-ಒನ್‌ನ ಕುಲದ್ದೇ ಅಲ್ಲ. ಅದು ಎಚ್‌ಎನ್‌ಎಚ್ ಅನ್ನುವ ಬೇರೊಂದು ಕುಲಕ್ಕೆ ಸೇರಿದ್ದು. ಈ ಕುಲದಲ್ಲಿ ನೀರಿನ ಪ್ರೋಟಾನ್ ಎಳೆಯುವುದು ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ, ಲೋಹ ಮುಖ್ಯವಾಗಿ ಫಾಸ್ಫೇಟ್ ಹಿಡಿದು ಹೊರಬೀಳುವ ಆಕ್ಸಿಜನ್ನನ್ನು ಸಂಭಾಳಿಸುತ್ತದೆ. ನೀರನ್ನು ಚುರುಕು ಮಾಡುವ ಹೊರೆ ಲೋಹದ ಮೇಲಿಲ್ಲ, ಹಾಗಾಗಿ ಎಳೆತ ಕಡಿಮೆಯಿರುವ ಕ್ಯಾಲ್ಸಿಯಮ್ ಕೂಡ ಇಲ್ಲಿ ನಡೆದೀತು ಅನ್ನುವುದು ನನಗೆ ಒಪ್ಪಿಗೆಯಾಗುವ ವಿವರಣೆ. ಆಮೇಲೆ ಸತುವಿನ ಸರದಿ ಬಂತು. 2007ರಲ್ಲಿ ಇದೇ ತಂಡ ತೋರಿಸಿದಂತೆ ಸತು ಈ ಕಿಣ್ವದ ಆಕಾರವನ್ನು ಹಿಡಿದಿಡುವುದೂ ಅಲ್ಲದೆ, ಕತ್ತರಿಸುವ ಜಾಗಕ್ಕೆ ಬಂದರೆ ನಿಖರತೆಯನ್ನೂ ತರುತ್ತದೆ. ಮುಂದಿನ ವರ್ಷ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ, ಮೆಗ್ನೀಷಿಯಮ್‌ನಲ್ಲೂ ದಾರಿ ತಪ್ಪದ ಕೆಪಿಎನ್-ಒನ್ ಮಾಡಿದರು.

ಒಂದೇ ಬದಲಾವಣೆಯಲ್ಲಿ ನೆಟ್ಟಗಾಗುವುದಾದರೆ ಪ್ರಕೃತಿ ಯಾಕೆ ಹಾಗೇ ಬಿಟ್ಟಿತ್ತು? ಅದಕ್ಕೂ 2012ರಲ್ಲಿ ಉತ್ತರ ಕೊಟ್ಟರು. ಈ ಅಡ್ಡಾದಿಡ್ಡಿತನದಿಂದ ವೈರಸ್ ದಾಳಿಯ ಎದುರು ಬ್ಯಾಕ್ಟೀರಿಯಾಗೆ ಲಾಭವಿದೆ ಅಂತ. ಗುರುತು ತಪ್ಪಿಸಿಕೊಂಡು ಬರುವ ವೈರಸ್‌ಗಳಿಗೂ ಇದರಿಂದ ಪೆಟ್ಟು ಬೀಳುತ್ತದೆ. ಲ್ಯಾಬಿನಲ್ಲಿ ನಮಗೆ ತಲೆನೋವಾಗಿದ್ದು ಆ ಬ್ಯಾಕ್ಟೀರಿಯಾದ ಪಾಲಿಗೆ ಬಂಡವಾಳ.

ಎಚ್‌ಎನ್‌ಎಚ್ ಹೆಸರು ಕೇಳಿದವರಿಗೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ನೆನಪಾಗಿರಬಹುದು. ಸರಿ, ಅದರಲ್ಲಿ ಡಿಎನ್‌ಎ ಕತ್ತರಿಸುವ ಕ್ಯಾಸ್-9 ಕಿಣ್ವದಲ್ಲಿ ಎರಡೂ ಬಗೆ ಒಟ್ಟಿಗೆ ಇವೆ. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಮಾರ್ಗದರ್ಶಿ ಆರ್‌ಎನ್‌ಎ ಜೊತೆ ಜೋಡಿಯಾಗುವ ಎಳೆಯನ್ನು ಅದರ ಎಚ್‌ಎನ್‌ಎಚ್ ಭಾಗ ಒಂದು ಲೋಹದ ಸಹಾಯದಿಂದ ಕತ್ತರಿಸುತ್ತದೆ. ಇನ್ನೊಂದು ಎಳೆಯನ್ನು ರುವ್-ಸಿ ಎಂಬ ಭಾಗ ಎರಡು ಲೋಹ ಇಟ್ಟುಕೊಂಡು ಸ್ಟೈಟ್ಸ್ ಹೇಳಿದ ರೀತಿಯಲ್ಲೇ ಕತ್ತರಿಸುತ್ತದೆ. ರುವ್-ಸಿಯಲ್ಲಿ ಲೋಹ ಹಿಡಿಯುವ 10ನೇ ಆಸ್ಪಾರ್ಟೇಟನ್ನು ಅಲನೀನ್ ಮಾಡಿಬಿಟ್ಟರೆ ಆ ಭಾಗ ಸತ್ತ ಹಾಗೆ. ಆಗ ಕ್ಯಾಸ್-9 ಒಂದೇ ಎಳೆಗೆ ಕಚ್ಚು ಹಾಕುತ್ತದೆ. ಜೀನ್ ತಿದ್ದುವವರು ಬಳಸುವ ‘ನಿಕೇಸ್’ ಅಂದರೆ ಇದೇ.

ಲೋಹ ಬದಲಿಸಿದರೂ ಇಂಥ ವ್ಯತ್ಯಾಸ ಬರುವುದುಂಟು. ದನದ ಮೇದೋಜೀರಕದಿಂದ ತೆಗೆಯುವ ಡಿಎನ್‌ಏಸ್-ಒನ್‌ಗೆ ಮೆಗ್ನೀಷಿಯಮ್ ಕೊಟ್ಟರೆ ಎರಡು ಎಳೆಗಳಿಗೂ ಬೇರೆ ಬೇರೆ ಜಾಗದಲ್ಲಿ ಕಚ್ಚು ಹಾಕುತ್ತದೆ. ಮ್ಯಾಂಗನೀಸ್ ಕೊಟ್ಟರೆ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಎರಡನ್ನೂ ತುಂಡರಿಸುತ್ತದೆ. ಇದರ ಮೈ ಗಟ್ಟಿಯಾಗಿರಲು ಕ್ಯಾಲ್ಸಿಯಮ್ ಬೇರೆ ಬೇಕು.

ಆಗ ಹೇಳಿದ ಸ್ಟ್ಯಾಫಿಲೋಕಾಕಸ್ ಕಿಣ್ವಕ್ಕೆ ಕತ್ತರಿಸಲು ಬೇಕಾದದ್ದೇ ಕ್ಯಾಲ್ಸಿಯಮ್. ಬ್ಯಾಕ್ಟೀರಿಯಾ ಅದನ್ನು ತನ್ನ ಮೈಯಿಂದ ಹೊರಗೆ ಬಿಡುತ್ತದೆ. ನಮ್ಮ ರಕ್ತದಲ್ಲಿ, ಅಂಗಾಂಶದ ದ್ರವದಲ್ಲಿ ಬಿಡಿ ಕ್ಯಾಲ್ಸಿಯಮ್ ಒಂದು ಮಿಲಿಮೋಲಾರ್‌ಗೂ ಜಾಸ್ತಿ ಇರುತ್ತದೆ. ಒಳಗೆ ನಿಷ್ಕ್ರಿಯ, ಹೊರಗೆ ಬಿದ್ದ ಮೇಲೆ ಚುರುಕು. ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೇನು ಬೇಕು?

ಲೋಹದ ಹಂಗೇ ಇಲ್ಲದೆ ಕತ್ತರಿಸುವವೂ ಇವೆ. ನಮ್ಮ ಜೀವಕೋಶಗಳಲ್ಲಿ ಕಸ ಕರಗಿಸುವ ಚೀಲಗಳಾದ ಲೈಸೋಸೋಮ್‌ಗಳ ಹುಳಿ ವಾತಾವರಣದಲ್ಲಿರುವ ಡಿಎನ್‌ಏಸ್-ಟು ಅಂಥದ್ದು, ಬಿಎಫ್‌ಐ-ಒನ್ ಎಂಬ ರೆಸ್ಟ್ರಿಕ್ಷನ್ ಕಿಣ್ವವೂ ಅಂಥದ್ದೇ. ಆದರೆ ಇವು ಅಪರೂಪ. ಅಪರೂಪ ಆಗಿರುವುದರಿಂದಲೇ ಲ್ಯಾಬಿನಲ್ಲಿ ಒಂದು ಅಗ್ಗದ ಪುಡಿ ಇಷ್ಟು ಕೆಲಸಕ್ಕೆ ಬರುತ್ತದೆ: ಇಡಿಟಿಎ.

ಇಡಿಟಿಎ ಒಂದು ಅಣು ಒಂದು ಮೆಗ್ನೀಷಿಯಮ್ ಅಥವಾ ಕ್ಯಾಲ್ಸಿಯಮ್ ಅಯಾನನ್ನು ಆರು ಕಡೆಯಿಂದ ಅಪ್ಪಿ ಹಿಡಿದುಬಿಡುತ್ತದೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವಾಗ ನೇರಳೆ ಮುಚ್ಚಳದ ಟ್ಯೂಬ್ ನೋಡಿರುತ್ತೀರಿ. ಅದರೊಳಗಿರುವುದು ಇದೇ. ಕ್ಯಾಲ್ಸಿಯಮ್ ಸಿಗದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಜೊತೆಗೆ ಲೋಹ ಸಿಗದ ಕಿಣ್ವಗಳು ಡಿಎನ್‌ಎಯನ್ನು ಮುಟ್ಟುವುದೂ ಇಲ್ಲ. ಡಿಎನ್‌ಎ ಪರೀಕ್ಷೆಗೆ ಈ ಟ್ಯೂಬನ್ನೇ ಕೇಳುವುದು ಸುಮ್ನೆ ಅಲ್ಲ. ಡಿಎನ್‌ಎಯನ್ನು ಲ್ಯಾಬಿನಲ್ಲಿ ಇಡುವ ಟಿಇ ಬಫರಿನಲ್ಲೂ 1 ಮಿಲಿಮೋಲಾರ್ ಇಡಿಟಿಎ ಇರುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಭಯ ಇರುತ್ತದೆ. ಡಿಎನ್‌ಎ ಟಿಇಯಲ್ಲಿದೆ, ಹಾಗಾದರೆ ರೆಸ್ಟ್ರಿಕ್ಷನ್ ಕೆಲಸ ಕೆಡುತ್ತದಾ? ಲೆಕ್ಕ ಹಾಕಿ ನೋಡಿ. ಒಟ್ಟು 20 ಮೈಕ್ರೋಲೀಟರ್, ಅದರಲ್ಲಿ 10 ನಿಮ್ಮ ಟಿಇಯಲ್ಲಿರುವ ಡಿಎನ್‌ಎ ಅಂತಿಟ್ಟುಕೊಳ್ಳಿ. ಇಡಿಟಿಎ ಅರ್ಧ ಮಿಲಿಮೋಲಾರ್ ಆಯಿತು. ಕಿಣ್ವದ ಬಫರಿನಿಂದ ಬರುವ ಮೆಗ್ನೀಷಿಯಮ್ ಸಾಮಾನ್ಯವಾಗಿ 10 ಮಿಲಿಮೋಲಾರ್. ಒಂದಕ್ಕೊಂದು ಕಳೆದರೆ 9.5 ಉಳಿಯಿತು. ಏನೂ ಆಗುವುದಿಲ್ಲ. ಅದೇ ಪಿಸಿಆರ್‌ಗೆ, ಅಂದರೆ ಪಾಲಿಮರೇಸ್‌ನಿಂದ ಡಿಎನ್‌ಎಯ ಲಕ್ಷಾಂತರ ನಕಲು ಮಾಡಿಸುವ ಕೆಲಸಕ್ಕೆ, ಈ ಧೈರ್ಯ ಬೇಡ. ಅಲ್ಲಿ ಮೆಗ್ನೀಷಿಯಮ್ ಇರುವುದೇ 1.5ರ ಆಸುಪಾಸು, ನಕಲಿಗೆ ಬೇಕಾದ ಬಿಡಿ ಅಕ್ಷರಗಳಾದ ನಾಲ್ಕೂ ಬಗೆಯ ಡಿಎನ್‌ಟಿಪಿ ಸೇರಿ ಅದರಲ್ಲಿ 0.8ರಷ್ಟನ್ನು ಹಿಡಿದುಕೊಳ್ಳುತ್ತವೆ, ಉಳಿಯುವುದು 0.7. ಅದರ ಮೇಲೆ ಅರ್ಧ ಮಿಲಿಮೋಲಾರ್ ಇಡಿಟಿಎ ಬಿದ್ದರೆ 0.2. ಪಾಲಿಮರೇಸ್ ಜೋಡಿಸುವ ಕಿಣ್ವವೇ ಆದರೂ ಅದಕ್ಕೂ ಅದೇ ಮೆಗ್ನೀಷಿಯಮ್ ಜೋಡಿ ಬೇಕು. ಪಟ್ಟೆ ಬರಲಿಲ್ಲ ಅಂತ ಪ್ರೈಮರ್‌ನ್ನು (ನಕಲು ಎಲ್ಲಿಂದ ಶುರು ಅಂತ ತೋರಿಸುವ ಪುಟ್ಟ ತುಂಡು) ಬೈಯುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಲೋಹ ಕಸಿದರೆ ಕತ್ತರಿಕೆ ನಿಲ್ಲುತ್ತದೆ ಅನ್ನುವುದು ಔಷಧಿಯಾಗಿಯೂ ಬಂದಿದೆ. ಎಚ್‌ಐವಿ ವೈರಸ್ ನಮ್ಮ ಜೀವಕೋಶಕ್ಕೆ ಹೊಕ್ಕ ಮೇಲೆ ತನ್ನ ಡಿಎನ್‌ಎ ನಕಲನ್ನು ನಮ್ಮ ಡಿಎನ್‌ಎಯೊಳಗೆ ಸೇರಿಸುತ್ತದೆ. ಸೇರಿಸುವುದು ಇಂಟಿಗ್ರೇಸ್ ಎಂಬ ಕಿಣ್ವ. ಅದು ಮೊದಲು ವೈರಸ್ ಡಿಎನ್‌ಎಯ ತುದಿಗಳಿಂದ ಎರಡೆರಡು ಅಕ್ಷರ ಕತ್ತರಿಸಿ ತೆಗೆಯುತ್ತದೆ, ಆಮೇಲೆ ಆ ತುದಿಯಿಂದಲೇ ನಮ್ಮ ಡಿಎನ್‌ಎಯನ್ನು ಕತ್ತರಿಸಿ ಅಲ್ಲೇ ಅಂಟಿಕೊಳ್ಳುತ್ತದೆ. ಎರಡಕ್ಕೂ ಎರಡು ಮೆಗ್ನೀಷಿಯಮ್ ಬೇಕು. 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಾಲ್ಟೆಗ್ರಾವಿರ್, ಆಮೇಲೆ ಬಂದ ಡೊಲುಟೆಗ್ರಾವಿರ್ ಮಾಡುವುದು ಇಷ್ಟೇ: ತಮ್ಮಲ್ಲಿ ಸಾಲಾಗಿರುವ ಆಕ್ಸಿಜನ್‌ಗಳಿಂದ ಆ ಎರಡೂ ಮೆಗ್ನೀಷಿಯಮ್‌ಗಳನ್ನು ಕಿಣ್ವದೊಳಗೇ ಹಿಡಿದು ಕೂರುತ್ತವೆ. ಇಡಿಟಿಎ ಹಾಗೆ ಕಿತ್ತುಕೊಂಡು ಹೋಗುವುದಿಲ್ಲ, ಜಾಗ ಬಿಡದೆ ಅಡ್ಡ ಕೂರುತ್ತವೆ. ನಮ್ಮ ದೇಶದ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿರುವ ಡಿ ಅಂದರೆ ಈ ಡೊಲುಟೆಗ್ರಾವಿರ್.

ಲೋಹ ಹಿಡಿಯುವುದೇ ಇದರ ಗುಣ ಆದ್ದರಿಂದ ಹೊಟ್ಟೆಯಲ್ಲೂ ಸಿಕ್ಕ ಲೋಹವನ್ನು ಹಿಡಿಯುತ್ತದೆ. ಎದೆಯುರಿಗೆ ತಗೊಳ್ಳುವ ಎಷ್ಟೋ ಆಂಟಾಸಿಡ್‌ಗಳಲ್ಲಿ ಮೆಗ್ನೀಷಿಯಮ್, ಅಲ್ಯುಮಿನಿಯಮ್ ಇರುತ್ತವೆ. ಎರಡನ್ನೂ ಒಟ್ಟಿಗೆ ನುಂಗಿದರೆ ಔಷಧಿ ಅಲ್ಲೇ ಕಟ್ಟಿಹೋಗಿ ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ. ಅದಕ್ಕೇ ಡೊಲುಟೆಗ್ರಾವಿರನ್ನು ಇಂಥ ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆದಮೇಲೆ ತಗೊಳ್ಳಬೇಕು ಅಂತ ಹೇಳುತ್ತಾರೆ. ಕ್ಯಾಲ್ಸಿಯಮ್, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ, ಆದರೆ ಅವನ್ನು ಊಟದ ಜೊತೆ ತಗೊಂಡರೆ ಡೊಲುಟೆಗ್ರಾವಿರ್ ಒಟ್ಟಿಗೇ ನುಂಗಬಹುದು. ಮನೆಯಲ್ಲಿ ಯಾರಾದರೂ ಈ ಮಾತ್ರೆ ತಗೊಳ್ಳುತ್ತಿದ್ದರೆ, ಮೆಡಿಕಲ್ ಶಾಪಿನಿಂದ ಗ್ಯಾಸ್ ಸಿರಪ್ ತರುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.